ಎಲ್ಲಾ ಹಾಡೂ ಒಂದೇ ಥರ ಕೇಳಿಸುತ್ತಿದೆ, ಈ ಕ್ಯೂಬಾ ಆಲ್ಬಮ್ಮಿಗೆ ಜನ ಯಾಕೆ ಇಷ್ಟು ಮರುಳಾದರು?

ಪ್ರಶ್ನೆ: ಸರ್, ಗೆಳೆಯರು ಹೇಳಿದರು ಅಂತ ‘ಬುಯೆನಾ ವಿಸ್ಟಾ ಸೋಶಿಯಲ್ ಕ್ಲಬ್’ ಆಲ್ಬಮ್ ಕೇಳಿದೆ. ನನಗೆ ಕರ್ನಾಟಕ ಸಂಗೀತ ಅಲ್ಪಸ್ವಲ್ಪ ಗೊತ್ತು, ಹಳೇ ಚಿತ್ರಗೀತೆ ಇಷ್ಟ. ಸ್ಪ್ಯಾನಿಷ್ ಒಂದಕ್ಷರ ಬರುವುದಿಲ್ಲ. ಮೊದಲ ಹಾಡು ಹಿಡಿಸಿತು. ಆಮೇಲಿನದೆಲ್ಲ ಒಂದೇ ಥರ ಅನಿಸಿತು. ಜನ ಆ ವಯಸ್ಸಾದ ಕಲಾವಿದರ ಕಥೆಗೆ ಕರಗಿದ್ದೋ, ಇಲ್ಲಾ ಸಂಗೀತದಲ್ಲೇ ಅಂಥದ್ದೇನಾದರೂ ಇದೆಯೋ? ಇದನ್ನು ಹೇಗೆ ಕೇಳಬೇಕು?

ಉತ್ತರ: ನಿಮ್ಮ ಅನುಮಾನ ಅರ್ಧ ಸರಿ. ಈ ಆಲ್ಬಮ್ ಮಾರಾಟವಾದದ್ದರಲ್ಲಿ ಕಥೆಯ ಪಾಲು ದೊಡ್ಡದು. ಬೂಟ್ ಪಾಲಿಶ್ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಿದ್ದ ಹಾಡುಗಾರ, ಮನೆಯಲ್ಲಿ ಪಿಯಾನೊ ಇಲ್ಲದ ಪಿಯಾನೊ ವಾದಕ, 88ನೇ ವಯಸ್ಸಿನಲ್ಲೂ ಹುಡುಗನ ಹುರುಪಿನಲ್ಲಿ ಹಾಡುವ ಅಜ್ಜ. ಇಂಥ ಕಥೆ ಯಾರಿಗೆ ಬೇಡ? ಆದರೆ ಬರೀ ಕಥೆ ಕೇಳಿ ಕೊಂಡ ಸಿಡಿಯನ್ನು ಜನ ಎರಡು ಸಲ ಹಾಕಿ ಮೂಲೆಗೆ ಸೇರಿಸುತ್ತಾರೆ. 1997ರಲ್ಲಿ ಬಂದ ಈ ಆಲ್ಬಮ್ಮನ್ನು ಜನ ಇವತ್ತಿಗೂ ಕೇಳುತ್ತಿದ್ದಾರೆ. ಕಾರಣ ಸಂಗೀತದ ಒಳಗೇ ಇದೆ. ಒಂದೇ ಮಾತಲ್ಲಿ ಹೇಳುವುದಾದರೆ, ಇಲ್ಲಿ ಯಾರೂ ಜಾಗ ತುಂಬಲು ಹೋಗುವುದಿಲ್ಲ. ಬಿಡುವಷ್ಟು ಬಿಟ್ಟು ನುಡಿಸುತ್ತಾರೆ. ಎಲ್ಲ ಒಂದೇ ಥರ ಅನಿಸಿದ್ದಕ್ಕೂ ಇದೇ ಕಾರಣ ಇರಬಹುದು. ನಮ್ಮ ಕಿವಿ ಮೊದಲು ರಾಗ ಹುಡುಕುತ್ತದೆ, ಆಮೇಲೆ ಸಾಹಿತ್ಯ. ಇಲ್ಲಿ ಮುಖ್ಯ ಸಂಗತಿ ನಡೆಯುವುದು ಅವೆರಡರ ಕೆಳಗೆ.

ಮೊದಲು ಹಿನ್ನೆಲೆ, ಬೇಗ ಹೇಳಿ ಮುಗಿಸುತ್ತೇನೆ. ಲಂಡನ್ನಿನ ವರ್ಲ್ಡ್ ಸರ್ಕ್ಯೂಟ್ ಕಂಪನಿಯ ನಿಕ್ ಗೋಲ್ಡ್‌ಗೆ ಪಶ್ಚಿಮ ಆಫ್ರಿಕಾದ ಮಾಲಿ ದೇಶದ ವಾದಕರನ್ನೂ ಕ್ಯೂಬಾದವರನ್ನೂ ಒಟ್ಟಿಗೆ ಕೂರಿಸಿ ರೆಕಾರ್ಡ್ ಮಾಡುವ ಆಸೆ ಇತ್ತು. ಆಸೆ ಸುಮ್ನೆ ಹುಟ್ಟಿದ್ದಲ್ಲ. ಆಫ್ರಿಕಾದಿಂದ ಗುಲಾಮರ ಜೊತೆ ಕ್ಯೂಬಾಕ್ಕೆ ಹೋದ ಲಯ, ಇಪ್ಪತ್ತನೇ ಶತಮಾನದಲ್ಲಿ ಗ್ರಾಮಫೋನ್ ಪ್ಲೇಟುಗಳ ಮೂಲಕ ಮತ್ತೆ ಆಫ್ರಿಕಾಕ್ಕೆ ಬಂದಿತ್ತು. ಕಾಂಗೋ, ಸೆನೆಗಲ್, ಮಾಲಿಯ ಬ್ಯಾಂಡುಗಳು ಕ್ಯೂಬಾದ ಹಾಡು ಕೇಳಿ ಬೆಳೆದವು. ಆದರೆ ಮಾಲಿಯವರು ಪ್ರಯಾಣದ ಕಾಗದಪತ್ರದ ತೊಂದರೆಯಿಂದ ಹವಾನಾ ತಲುಪಲೇ ಇಲ್ಲ. ಸ್ಟುಡಿಯೋ ಬುಕ್ ಆಗಿತ್ತು. ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಬಂದಿದ್ದರು. ಆಗ ಹವಾನಾದ ಸಂಗೀತಗಾರ ಹುವಾನ್ ದೆ ಮಾರ್ಕೋಸ್ ಗೊನ್ಸಾಲೆಸ್ ಕಲೆಹಾಕಿದ್ದ ಹಿರಿಯರನ್ನೇ ನೆಚ್ಚಿಕೊಂಡು 1996ರ ಮಾರ್ಚ್‌ನಲ್ಲಿ ಈ ಆಲ್ಬಮ್ ಮಾಡಿದರು. ಅಂದುಕೊಂಡಿದ್ದ ಮಾಲಿ–ಕ್ಯೂಬಾ ಆಲ್ಬಮ್ ಬಂದದ್ದು 2010ರಲ್ಲಿ.

ಮಾರ್ಕೋಸ್ ಹೆಸರನ್ನು ದಯವಿಟ್ಟು ನೆನಪಿಡಿ. ಎಲ್ಲ ಕಡೆ ಕೂಡರ್ ಹೆಸರೇ ಮುಂದೆ ಬರುತ್ತದೆ. ಯಾರು ಎಲ್ಲಿದ್ದಾರೆ, ಯಾರಿಗೆ ಯಾವ ಹಾಡು ಒಪ್ಪುತ್ತದೆ ಅಂತ ಗೊತ್ತಿದ್ದದ್ದು ಮಾರ್ಕೋಸ್‌ಗೆ.

ಕೂಡರ್ ನಮ್ಮ ಕಡೆಯವರಿಗೆ ತೀರಾ ಅಪರಿಚಿತರಲ್ಲ. ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ‘ಎ ಮೀಟಿಂಗ್ ಬೈ ದ ರಿವರ್’ ಮಾಡಿ ಇಬ್ಬರೂ ಗ್ರ್ಯಾಮಿ ಪಡೆದರಲ್ಲ, ಅದೇ ಮನುಷ್ಯ. ಕ್ಯೂಬಾ ಆಲ್ಬಮ್ಮಿನ ಹಿಂದೆ ಅಲ್ಲಲ್ಲಿ ಜಾರುವ ಗಿಟಾರ್ ಸ್ವರ ಕೇಳಿಸುತ್ತದಲ್ಲ, ಅದು ಅವರದು. ಅದು ಕ್ಯೂಬಾದ ವಾದ್ಯಶೈಲಿ ಅಲ್ಲ. ಕೆಲವು ಕಟ್ಟಾ ಕೇಳುಗರಿಗೆ ಅದು ಇಷ್ಟವೂ ಇಲ್ಲ. ನನಗೆ ‘ಚಾನ್ ಚಾನ್’ ಹಾಡಿನಲ್ಲಿ ಅದು ಸರಿಯಾಗಿ ಕೂತಿದೆ. ಒಂದೆರಡು ಬೊಲೆರೊಗಳಲ್ಲಿ, ಅಂದರೆ ನಿಧಾನ ಗತಿಯ ಪ್ರೇಮಗೀತೆಗಳಲ್ಲಿ ಮಾತ್ರ ಪಾಯಸಕ್ಕೆ ಸಕ್ಕರೆ ಜಾಸ್ತಿ ಆಯಿತು ಅನಿಸುತ್ತದೆ.

ಈಗ ಕೋಣೆಯ ವಿಷಯಕ್ಕೆ ಬರೋಣ. ನನ್ನ ಲೆಕ್ಕದಲ್ಲಿ ಈ ಆಲ್ಬಮ್ಮಿನ ಅರ್ಧ ಸೊಗಸು ಅಲ್ಲಿದೆ. ರೆಕಾರ್ಡಿಂಗ್ ನಡೆದದ್ದು ಹವಾನಾದ ಸಾನ್ ಮಿಗೆಲ್ ಬೀದಿಯ ಎಗ್ರೆಮ್ ಸ್ಟುಡಿಯೋದಲ್ಲಿ. 1940ರ ದಶಕದಲ್ಲಿ ಪನಾರ್ಟ್ ಎಂಬ ಖಾಸಗಿ ಕಂಪನಿ ಕಟ್ಟಿದ ಜಾಗ ಅದು. 1959ರ ಕ್ರಾಂತಿಯ ಮೇಲೆ ಸರ್ಕಾರದ ಕೈಗೆ ಬಂತು. ಎತ್ತರದ ಚಾವಣಿ, ದೊಡ್ಡ ಹಾಲ್. ಇಂಥ ಹಾಲಿನಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ನುಡಿಸಿದರು. ಒಬ್ಬೊಬ್ಬರ ಬಾಯಿಗೂ ವಾದ್ಯಕ್ಕೂ ಮೈಕ್ ಅಂಟಿಸಿ, ಬೇರೆ ಬೇರೆ ಹಿಡಿದು, ಆಮೇಲೆ ಜೋಡಿಸುವ ಪದ್ಧತಿ ಇದೆಯಲ್ಲ, ಅದನ್ನೇ ಪೂರ್ತಿ ನೆಚ್ಚಲಿಲ್ಲ. ದೂರದಲ್ಲಿ ಇಟ್ಟ ಮೈಕುಗಳು ಹಾಲಿನ ಗಾಳಿಯನ್ನೂ ಹಿಡಿದವು. ಆದ್ದರಿಂದ ಗಾಯಕ ನಿಮ್ಮ ಹತ್ತಿರ ಇದ್ದಾನೆ, ತುತ್ತೂರಿ ಆಚೆ ಗೋಡೆಯ ಹತ್ತಿರ ಇದೆ, ಬಾಸ್ ನೆಲದಿಂದ ಬರುತ್ತಿದೆ ಅನಿಸುತ್ತದೆ.

ಹಾಲಿನಲ್ಲಿ ಒಟ್ಟಿಗೆ ಕೂತಾಗ ಇನ್ನೊಂದು ಆಗುತ್ತದೆ. ಯಾರೂ ಅಬ್ಬರಿಸುವ ಹಾಗಿಲ್ಲ. ಗಿಟಾರ್ ಮೆಲ್ಲಗೆ ನುಡಿಯುತ್ತಿರುವಾಗ ತುತ್ತೂರಿಯವನು ಜೋರಾಗಿ ಊದಿದರೆ ಎಲ್ಲ ಕೆಟ್ಟಿತು, ಸರಿಮಾಡಲು ಆಗುವುದಿಲ್ಲ. ಹಾಗಾಗಿ ‘ಗುವಾಹಿರೊ’ ಮಿರಾಬಾಲ್ ತುತ್ತೂರಿಯನ್ನು ಮಾತಾಡುವ ಹದದಲ್ಲಿ ಊದುತ್ತಾರೆ. ಹಾಡುಗಾರರು ಕಿರುಚುವುದಿಲ್ಲ. ಸಿನಿಮಾ ಹಾಡು ಸ್ಟುಡಿಯೋದಲ್ಲಿ ಇಡೀ ವಾದ್ಯಗೋಷ್ಠಿ ಒಟ್ಟಿಗೆ ಕೂತು ರೆಕಾರ್ಡ್ ಆಗುತ್ತಿದ್ದ ಕಾಲದ ಗೀತೆಗಳನ್ನು ನೀವು ಇಷ್ಟಪಡುತ್ತೀರಿ ಅಂದಿರಿ. ಆ ಕಿವಿ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಇನ್ನು ತಾಳ. ಕರ್ನಾಟಕ ಸಂಗೀತ ಗೊತ್ತಿರುವುದರಿಂದ ನಿಮಗೆ ಇದು ಬೇಗ ಹತ್ತುತ್ತದೆ. ಈ ಹಾಡುಗಳಲ್ಲಿ ಹೆಚ್ಚಿನವಕ್ಕೆ ‘ಸೋನ್’ ಎಂಬ ಪ್ರಕಾರ ಆಧಾರ. ಕ್ಯೂಬಾದ ಪೂರ್ವ ಭಾಗದ ಗುಡ್ಡಗಾಡಿನಲ್ಲಿ ಹುಟ್ಟಿ, ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಹವಾನಾ ಸೇರಿ, 1920ರ ದಶಕದಲ್ಲಿ ಇಡೀ ದೇಶದ ಸಂಗೀತವಾಯಿತು. ಅದಕ್ಕೂ ಮುಂಚೆ ದೊಡ್ಡ ಮನೆಯವರು ಅದನ್ನು ಕರಿಯರ, ಕೂಲಿಕಾರರ ಗದ್ದಲ ಅಂತ ದೂರ ಇಟ್ಟಿದ್ದರು. ಸೋನ್‌ನ ಬೆನ್ನುಮೂಳೆ ಕ್ಲಾವೆ: ಎರಡು ಗಟ್ಟಿ ಮರದ ಕಡ್ಡಿಗಳನ್ನು ಒಂದಕ್ಕೊಂದು ಬಡಿದು ಹಾಕುವ ಐದು ಪೆಟ್ಟು. ಒಂದರಿಂದ ಹದಿನಾರರವರೆಗೆ ಒಂದೇ ವೇಗದಲ್ಲಿ ಎಣಿಸಿ. 1, 4, 7, 11, 13ಕ್ಕೆ ಚಪ್ಪಾಳೆ ಹೊಡೆಯಿರಿ. ಮತ್ತೆ ಮೊದಲಿಂದ. ಅಷ್ಟೇ. ಮೊದಲರ್ಧದಲ್ಲಿ ಮೂರು ಪೆಟ್ಟು ಎಳೆದಾಡುತ್ತವೆ, ಎರಡನೇ ಅರ್ಧದಲ್ಲಿ ಎರಡು ಪೆಟ್ಟು ನೆಲಕ್ಕೆ ಕೂರಿಸುತ್ತವೆ. ಕೆಲವು ಹಾಡಲ್ಲಿ ಈ ಅರ್ಧಗಳು ಅದಲುಬದಲಾಗಿ ಎರಡು ಪೆಟ್ಟಿನ ಭಾಗ ಮೊದಲು ಬರುತ್ತದೆ. ಕಡ್ಡಿ ಬಡಿಯುವುದು ಕೇಳಿಸದ ಹಾಡಿನಲ್ಲೂ ಎಲ್ಲರ ಮೈಯಲ್ಲಿ ಅದು ಓಡುತ್ತಿರುತ್ತದೆ. ನಾವು ತೊಡೆಯ ಮೇಲೆ ತಾಳ ಹಾಕದಿದ್ದರೂ ಆದಿತಾಳ ಒಳಗೆ ನಡೆಯುತ್ತಲೇ ಇರುತ್ತದಲ್ಲ, ಹಾಗೆ.

ವ್ಯತ್ಯಾಸ ಇರುವುದು ಬಾಸ್‌ನಲ್ಲಿ. ನಮ್ಮಲ್ಲಿ ಎಷ್ಟೇ ಸುತ್ತಾಡಿದರೂ ಕೊನೆಗೆ ಸಮಕ್ಕೋ (ತಾಳದ ಮೊದಲ ಪೆಟ್ಟು) ಎಡುಪಿಗೋ (ಹಾಡು ಎತ್ತಿಕೊಳ್ಳುವ ಜಾಗ) ಬಂದು ಕೂತಾಗ ಸಭೆ ತಲೆಯಾಡಿಸುತ್ತದೆ. ಇಲ್ಲಿ ಬಾಸ್ ವಾದಕ ಆ ಮೊದಲ ಪೆಟ್ಟನ್ನೇ ಎಷ್ಟೋ ಸಲ ಖಾಲಿ ಬಿಡುತ್ತಾನೆ. ನಾಲ್ಕು ಎಣಿಕೆಯಲ್ಲಿ ನಾಲ್ಕನೆಯದಕ್ಕೇ ಮುಂದಿನ ಸುತ್ತಿನ ಸ್ವರ ನುಡಿಸಿ, ಒಂದು ಬರುವಷ್ಟರಲ್ಲಿ ಸುಮ್ಮನಿರುತ್ತಾನೆ. ನೀವು ಕಾಲಿಡಬೇಕು ಅಂದುಕೊಂಡ ಮೆಟ್ಟಿಲು ಅರ್ಧ ಕ್ಷಣ ಮೊದಲೇ ಬಂದುಬಿಡುತ್ತದೆ. ಮೈ ತಾನಾಗಿ ಮುಂದಕ್ಕೆ ವಾಲುತ್ತದೆ. ಕುಣಿಸುವ ಗುಟ್ಟು ಇದೇ. ಡ್ರಮ್ ಜೋರಾಗಿ ಬಾರಿಸಬೇಕಾಗೇ ಇಲ್ಲ. ಇಲ್ಲಿ ಬಾಸ್ ನುಡಿಸಿದ ಓರ್ಲಾಂಡೊ ‘ಕಚಾಯಿತೊ’ ಲೋಪೆಸ್ ದೊಡ್ಡ ಸಂಗೀತ ಮನೆತನದವರು. ಅವರ ಚಿಕ್ಕಪ್ಪ ಕಚಾವೊ ಬಾಸ್‌ನಲ್ಲಿ ದಂತಕಥೆ. ಇನ್ನೊಂದು ಸಲ ಆಲ್ಬಮ್ ಕೇಳುವಾಗ ಹಾಡುಗಾರರನ್ನು ಬಿಟ್ಟು ಬರೀ ಬಾಸ್ ಹಿಡಿದು ಹೋಗಿ. ಒಂದೇ ಥರ ಅನ್ನುವ ದೂರು ಅಲ್ಲೇ ಅರ್ಧ ಬಿದ್ದುಹೋಗುತ್ತದೆ.

ಇನ್ನೊಂದು ಕೀಲಿಕೈ: ಹಾಡಿನ ಎರಡು ಭಾಗ. ಮೊದಲು ಕಥೆ ಹೇಳುವ ಪಲ್ಲವಿ–ಚರಣದಂಥ ಭಾಗ. ಆಮೇಲೆ ಎಲ್ಲೋ ಒಂದು ಕಡೆ ಹಾಡು ತಿರುಗುತ್ತದೆ. ಮೇಳದವರು ಒಂದೇ ಸಣ್ಣ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರೆ, ಮುಂದಿನವನು ನಡುವೆ ತೋಚಿದ್ದು ಕಟ್ಟುತ್ತಾನೆ. ಈ ಎರಡನೇ ಭಾಗಕ್ಕೆ ಮೊಂತುನೊ ಅನ್ನುತ್ತಾರೆ. ‘ಎಲ್ ಕ್ವಾರ್ತೊ ದೆ ತುಲಾ’ ಏಳು ನಿಮಿಷಕ್ಕೂ ಜಾಸ್ತಿ ಓಡುವುದು ಇದರಿಂದಲೇ. ತುಲಾ ಎಂಬಾಕೆ ಮೇಣದಬತ್ತಿ ಆರಿಸದೆ ಮಲಗಿ ಕೋಣೆಗೆ ಬೆಂಕಿ ಬಿತ್ತು, ಅಗ್ನಿಶಾಮಕದವರನ್ನು ಕರೆಯಿರಿ ಅನ್ನುವ ತಮಾಷೆ ಹಾಡು. ಬೆಂಕಿ ಯಾವುದು ಅನ್ನುವುದನ್ನು ನಿಮ್ಮ ಊಹೆಗೆ ಬಿಡುತ್ತೇನೆ, ಹಾಡಿದವರೂ ಹಾಗೇ ಬಿಟ್ಟಿದ್ದಾರೆ! ಎಲಿಯಾದೆಸ್ ಓಚೋವಾ, ಇಬ್ರಾಹಿಂ ಫೆರೆರ್, ‘ಪುಂತಿಯಿತಾ’ ಮೂವರೂ ಸರದಿಯಲ್ಲಿ ಸಾಲು ಕಟ್ಟುತ್ತಾರೆ. ಬಾರ್ಬರಿತೊ ಟೊರೆಸ್ ಲಾವೂದ್ ಎಂಬ ತಂತಿವಾದ್ಯದಲ್ಲಿ ಬೆರಳು ಸುಟ್ಟುಕೊಂಡವರ ಹಾಗೆ ಓಡುತ್ತಾರೆ. ಇಡೀ ಆಲ್ಬಮ್ಮಿನಲ್ಲಿ ಬಿಡುವಿನ ನಿಯಮ ಮುರಿಯುವ ಜಾಗ ಇದು. ಬೇರೆಲ್ಲ ಕಡೆ ಸಂಯಮ ಇರುವುದರಿಂದಲೇ ಇಲ್ಲಿ ಮಜಾ.

ನಿಮಗೆ ಹಿಡಿಸಿದ ಮೊದಲ ಹಾಡು ‘ಚಾನ್ ಚಾನ್’, ಆ 88ರ ಅಜ್ಜ ಕೊಂಪಾಯ್ ಸೆಗುಂಡೊ 1980ರ ದಶಕದಲ್ಲಿ ಕಟ್ಟಿದ ಹಾಡು. ಇದನ್ನು ನೂರು ವರ್ಷದ ಹಿಂದಿನ ಜಾನಪದ ಅಂತ ತಿಳಿದವರು ಬಹಳ. ಹಾಡಿನ ಉದ್ದಕ್ಕೂ ಅದೇ ನಾಲ್ಕು ಸ್ವರಮೇಳ (ಕಾರ್ಡ್) ಸುತ್ತುತ್ತದೆ, ಬದಲಾಗುವುದೇ ಇಲ್ಲ. ಆಲ್ತೊ ಸೆದ್ರೊ, ಮಾರ್ಕಾನೆ, ಕ್ವೇತೊ, ಮಯಾರಿ ಎಂದು ಪೂರ್ವ ಕ್ಯೂಬಾದ ಊರುಗಳ ಹೆಸರು ಬರುತ್ತದೆ. ಕಡಲ ತೀರದಲ್ಲಿ ಮರಳು ಜರಡಿ ಹಿಡಿಯುವ ಹುವಾನಿಕಾ, ಅವಳ ಮೈಯ ಕುಲುಕಾಟ ಕಂಡು ಮುಜುಗರಪಡುವ ಚಾನ್ ಚಾನ್. ಕಥೆ ಇಷ್ಟೇ. ಮೇಲಿನ ದನಿ ಓಚೋವಾ ಅವರದು. ಅದರ ಕೆಳಗೆ ಒರಟಾದ, ನಿಂತ ನೀರಿನಂಥ ದನಿ ಕೊಂಪಾಯ್ ಅವರದು. ಇವರು ಬದುಕಿನುದ್ದಕ್ಕೂ ಎರಡನೇ ದನಿ ಹಾಡಿದವರು. ಸಿಗಾರ್ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸಿಗಾರ್ ಸುತ್ತಿದವರು. ಗಿಟಾರ್‌ಗೂ ತ್ರೆಸ್ ಎಂಬ ಕ್ಯೂಬಾ ವಾದ್ಯಕ್ಕೂ ನಡುವಿನ ನಾದ ಬೇಕು ಅಂತ ಏಳು ತಂತಿಯ ‘ಆರ್ಮೋನಿಕೊ’ ಎಂಬ ವಾದ್ಯವನ್ನೇ ಮಾಡಿಕೊಂಡರು. ಈ ಹಾಡಲ್ಲಿ ಮೇಲಿನ ದನಿ ಬಿಟ್ಟು ಕೆಳಗಿನದನ್ನು ಹಿಂಬಾಲಿಸಿ ನೋಡಿ.

ಪಿಯಾನೊ ವಾದಕ ರೂಬೆನ್ ಗೊನ್ಸಾಲೆಸ್ ಬಗ್ಗೆ ನಾನು ಬರೆಯಲು ಕೂತರೆ ಈ ಪುಟ ಸಾಲದು. 1940ರ ದಶಕದಲ್ಲಿ ಆರ್ಸೇನಿಯೊ ರೋದ್ರಿಗೆಸ್ ಬ್ಯಾಂಡಿನಲ್ಲಿ ನುಡಿಸಿ, ಕ್ಯೂಬಾದ ಪಿಯಾನೊ ಶೈಲಿಯನ್ನೇ ರೂಪಿಸಿದವರಲ್ಲಿ ಒಬ್ಬರು. ಆಮೇಲೆ ಚಾ-ಚಾ-ಚಾ ಎಂಬ ಕುಣಿತದ ಸಂಗೀತ ಹುಟ್ಟುಹಾಕಿದ ಎನ್ರೀಕೆ ಹೊರ್ರಿನ್ ಜೊತೆ ದಶಕಗಟ್ಟಲೆ ಇದ್ದರು. 1996ರಲ್ಲಿ ಅವರಿಗೆ 76. ಕೈಗೆ ಸಂಧಿವಾತ. ಮನೆಯ ಪಿಯಾನೊ ಗೆದ್ದಲು ತಿಂದು ಹೋಗಿತ್ತು. ಸ್ಟುಡಿಯೋ ಬಾಗಿಲು ತೆರೆಯುವುದನ್ನೇ ಕಾದು ನೇರ ಪಿಯಾನೊ ಮುಂದೆ ಕೂರುತ್ತಿದ್ದರಂತೆ. ಅವರ ನುಡಿಸಾಣಿಕೆಯಲ್ಲಿ ಒಂದು ತುಂಟತನ ಇದೆ. ನೇರ ಸಾಲು ನುಡಿಸುತ್ತಿದ್ದವರು ಇದ್ದಕ್ಕಿದ್ದಂತೆ ಕೀಲಿಮಣೆಯ ಮೇಲ್ತುದಿಗೆ ಹಾರಿ, ನಾಲ್ಕು ಸ್ವರ ಚೆಲ್ಲಿ, ಏನೂ ಆಗದವರ ಹಾಗೆ ವಾಪಸು ಬರುತ್ತಾರೆ. ‘ಪ್ವೆಬ್ಲೊ ನ್ವೇವೊ’ ಮತ್ತು ಆಲ್ಬಮ್ಮಿನ ಹೆಸರನ್ನೇ ಹೊತ್ತ ವಾದ್ಯಸಂಗೀತ ಎರಡರಲ್ಲೂ ಅವರನ್ನು ಹಿಡಿಯಬಹುದು. ಇವೆರಡೂ ದಾನ್ಸೋನ್, ಅಂದರೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮಾತಾನ್ಸಾಸ್ ಪಟ್ಟಣದಲ್ಲಿ ರೂಪಗೊಂಡ ಜೋಡಿನೃತ್ಯದ ಸಂಗೀತ. ಹೆಸರು ಹೊತ್ತ ಕೃತಿ ಕಚಾಯಿತೊ ಅವರ ತಂದೆ ಓರೆಸ್ತೆಸ್ ಲೋಪೆಸ್‌ರದು. ಹವಾನಾದಲ್ಲಿ ನಿಜಕ್ಕೂ ಇದ್ದ ಒಂದು ಕ್ಲಬ್ಬಿಗಾಗಿ ಬರೆದದ್ದು. ಬಿಳಿಯರ ಕ್ಲಬ್ಬುಗಳಿಗೆ ಪ್ರವೇಶ ಇಲ್ಲದ ಕಾಲದಲ್ಲಿ ಕಪ್ಪು ಜನ ಸೇರಿ ಕುಣಿಯಲು ಕಟ್ಟಿಕೊಂಡ ಸಂಘ ಅದು. ಕ್ರಾಂತಿಯ ನಂತರ ಇಂಥ ಸಂಘಗಳು ಮುಚ್ಚಿದವು.

ಬೊಲೆರೊಗಳು ನಿಮಗೆ ಸಪ್ಪೆ ಅನಿಸಿರಬಹುದು. ಮಾತು ಗೊತ್ತಾಗದೆ ಬೊಲೆರೊ ಕೇಳುವುದು ಕಷ್ಟ, ಒಪ್ಪುತ್ತೇನೆ. ಎರಡಕ್ಕೆ ಸಾರ ಹೇಳುತ್ತೇನೆ. ‘ದೋಸ್ ಗಾರ್ದೇನಿಯಾಸ್’ ಇಸೋಲಿನಾ ಕರ್ರಿಯೊ ಬರೆದದ್ದು. ಪ್ರೇಮಿಯೊಬ್ಬ ಎರಡು ಹೂ ಕೊಡುತ್ತಾನೆ. ಒಂದು ಸಂಜೆ ಅವು ಬಾಡಿದರೆ, ನಿನ್ನ ಪ್ರೀತಿ ನನಗೆ ದ್ರೋಹ ಮಾಡಿದ್ದು ಹೂಗಳಿಗೆ ತಿಳಿದಿದೆ ಎಂದರ್ಥ. ಹಾಡಿದವರು ಇಬ್ರಾಹಿಂ ಫೆರೆರ್, ಬೂಟ್ ಪಾಲಿಶ್ ಮಾಡುತ್ತಿದ್ದ ಆ ಹಾಡುಗಾರ. ಬ್ಯಾಂಡಿನಲ್ಲಿದ್ದ ಕಾಲದಲ್ಲಿ ಈತನ ದನಿ ಕುಣಿತದ ಹಾಡಿಗೆ ಸರಿ, ಬೊಲೆರೊಗಲ್ಲ ಅಂತ ಪಕ್ಕಕ್ಕಿಟ್ಟಿದ್ದರು. ಬೊಲೆರೊಗೆ ಮೆತ್ತನೆ ದನಿ ಬೇಕು ಅಂದಾಗ ಮಾರ್ಕೋಸ್ ಕರೆತಂದದ್ದು ಇವರನ್ನೇ. 69ನೇ ವಯಸ್ಸಿನಲ್ಲಿ ಹಾಡಿದ ಈ ಹಾಡಿನಲ್ಲಿ ಅವರು ದನಿ ಏರಿಸುವುದೇ ಇಲ್ಲ, ದೂರನ್ನೂ ಮೆಲ್ಲಗೆ ಹೇಳುತ್ತಾರೆ. 2000ದಲ್ಲಿ ಲ್ಯಾಟಿನ್ ಗ್ರ್ಯಾಮಿಯವರು 73ರ ಇವರಿಗೆ ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿ ಕೊಟ್ಟರು. ನಗಬೇಕೋ ಅಳಬೇಕೋ?

ಇನ್ನೊಂದು ‘ವೇಯಿಂತೆ ಆನ್ಯೋಸ್’, ಮರಿಯಾ ತೆರೆಸಾ ವೇರಾ 1930ರ ದಶಕದಲ್ಲಿ ರಾಗ ಹಾಕಿದ ಹಾಡು. ನೀನು ನನ್ನನ್ನು ಪ್ರೀತಿಸದ ಮೇಲೆ ನಾನು ಪ್ರೀತಿಸಿ ಏನು ಫಲ, ಎಂದು ಶುರು. ಒಮಾರಾ ಪೋರ್ತುವೊಂದೊ ಹಾಡುತ್ತಾರೆ, ಕೊಂಪಾಯ್ ಜೊತೆ ದನಿ. ಅವರಿಬ್ಬರ ದನಿ ಎಲ್ಲಿ ಸೇರುತ್ತದೆ, ಎಲ್ಲಿ ಬಿಡುತ್ತದೆ ನೋಡಿ. ಇಡೀ ಆಲ್ಬಮ್ಮಿನಲ್ಲಿ ನನಗೆ ಒಂದೇ ಹಾಡು ಉಳಿಸಿಕೊಳ್ಳಲು ಬಿಟ್ಟರೆ ಇದನ್ನೇ.

ಕಥೆಯ ಬಗ್ಗೆ ಒಂದು ಎಚ್ಚರಿಕೆ. ‘ಎಲ್ಲರೂ ಮರೆತಿದ್ದ ಮುದುಕರನ್ನು ಅಮೆರಿಕದವನು ಬಂದು ಹುಡುಕಿದ’ ಅನ್ನುವುದು ಉತ್ಪ್ರೇಕ್ಷೆ. ಒಮಾರಾ ಆಗಲೂ ಕ್ಯೂಬಾದಲ್ಲಿ ದೊಡ್ಡ ಹೆಸರು. ಕೊಂಪಾಯ್ ಅಷ್ಟರಲ್ಲೇ ಸ್ಪೇನ್‌ನಲ್ಲಿ ಹಾಡುತ್ತಿದ್ದರು. ಓಚೋವಾಗೆ ಇನ್ನೂ 50 ತುಂಬಿರಲಿಲ್ಲ, ತಮ್ಮದೇ ತಂಡ ಇತ್ತು. ನಿಜಕ್ಕೂ ಮೂಲೆ ಸೇರಿದ್ದವರು ರೂಬೆನ್, ಇಬ್ರಾಹಿಂ. ಇನ್ನೂ ಒಂದು: 1996ರ ಹವಾನಾದಲ್ಲಿ ಹುಡುಗರು ಕುಣಿಯುತ್ತಿದ್ದದ್ದು ಈ ಹಾಡುಗಳಿಗಲ್ಲ. ಅವರ ಸಂಗೀತ ಟಿಂಬಾ: ಜೋರು, ವೇಗ, ಬೀದಿ ಭಾಷೆ. ಸೋವಿಯತ್ ಒಕ್ಕೂಟ ಬಿದ್ದು ದೇಶದಲ್ಲಿ ಊಟಕ್ಕೂ ಕರೆಂಟಿಗೂ ಬರ ಇದ್ದ ಕಾಲ. ಆ ಕಾಲದ ದನಿ ಈ ಆಲ್ಬಮ್ಮಿನಲ್ಲಿ ಇಲ್ಲ. ಹೊರಗಿನವರಿಗೆ ಹಳೇ ಕಾರು, ಬಣ್ಣ ಕಳೆದ ಕಟ್ಟಡ, ಸಿಗಾರ್ ಹಿಡಿದ ಅಜ್ಜ ಅನ್ನುವ ಕ್ಯೂಬಾ ಬೇಕಿತ್ತು, ಇದು ಅದಕ್ಕೆ ಒಪ್ಪಿತು. ಈ ಟೀಕೆ ನನಗೆ ನ್ಯಾಯವಾಗಿಯೇ ಕಾಣುತ್ತದೆ. ಹಾಗಂತ ಅದರಿಂದ ರೂಬೆನ್ ಕೈಯ ಒಂದು ಸ್ವರವೂ ಕೆಡುವುದಿಲ್ಲ.

ಅಮೆರಿಕದ ಸರ್ಕಾರಕ್ಕೂ ಇದು ಬರೀ ಸಂಗೀತವಾಗಿರಲಿಲ್ಲ. ಕ್ಯೂಬಾ ಮೇಲಿನ ನಿರ್ಬಂಧ ಮೀರಿದ್ದಕ್ಕೆ ಕೂಡರ್‌ಗೆ 25,000 ಡಾಲರ್ ದಂಡ ಬಿತ್ತು. ಅದೇ ಅಮೆರಿಕದಲ್ಲಿ 1998ರಲ್ಲಿ ಆಲ್ಬಮ್ಮಿಗೆ ಗ್ರ್ಯಾಮಿ ಬಂತು. ಆ ವರ್ಷದ ಜುಲೈ 1ರಂದು ಈ ಹಿರಿಯರು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ಹಾಡಿದರು. 2004ರಲ್ಲಿ ಇಬ್ರಾಹಿಂ ಫೆರೆರ್‌ಗೆ ಇನ್ನೊಂದು ಗ್ರ್ಯಾಮಿ ಬಂದಾಗ ವೀಸಾ ಕೊಡಲಿಲ್ಲ, ಸಮಾರಂಭಕ್ಕೆ ಹೋಗಲಾಗಲಿಲ್ಲ. 2022ರಲ್ಲಿ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಇದೇ ಆಲ್ಬಮ್ಮನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿಕೊಂಡಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಹೇಗೆ ಕೇಳುವುದು? ಹದಿನಾಲ್ಕೂ ಹಾಡನ್ನು ಒಂದೇ ಕೂತಲ್ಲಿ ಕೇಳಬೇಡಿ. ಕೆಲಸದ ನಡುವೆ ಹಿಂದೆ ಹಾಕಿಕೊಂಡೂ ಬೇಡ. ಕೆಫೆಗಳಲ್ಲಿ ಹಾಗೆ ಹಾಕಿ ಹಾಕಿಯೇ ಇದು ಬರೀ ಹಿತವಾದ ಸದ್ದು ಅನ್ನುವ ಹೆಸರು ಪಡೆದದ್ದು. ಒಂದು ದಿನ ‘ಚಾನ್ ಚಾನ್’ ಬಾಸ್‌ಗಾಗಿ. ಇನ್ನೊಂದು ದಿನ ‘ತುಲಾ’ ಕ್ಲಾವೆ ಹಾಕುತ್ತ, ಹಾಡು ತಿರುಗುವ ಜಾಗ ಹುಡುಕುತ್ತ. ‘ಪ್ವೆಬ್ಲೊ ನ್ವೇವೊ’ ಪಿಯಾನೊಗಾಗಿ. ಬೊಲೆರೊಗಳು ರಾತ್ರಿ, ಅನುವಾದ ಪಕ್ಕದಲ್ಲಿಟ್ಟುಕೊಂಡು. ವಿಮ್ ವೆಂಡರ್ಸ್ 1999ರಲ್ಲಿ ಮಾಡಿದ ಸಾಕ್ಷ್ಯಚಿತ್ರ ಚೆನ್ನಾಗಿದೆ, ಆದರೆ ಅದನ್ನು ಕೊನೆಗಿಡಿ. ಮೊದಲೇ ನೋಡಿದರೆ ಕಥೆ ಕಿವಿಯ ಮೇಲೆ ಕೂತುಬಿಡುತ್ತದೆ.

ಮುಂದೆ ಏನು ಅಂತ ಕೇಳುವ ಹಂತಕ್ಕೆ ಬಂದರೆ, ಅದೇ ಸ್ಟುಡಿಯೋದಲ್ಲಿ ಅದೇ ದಿನಗಳಲ್ಲಿ ರೆಕಾರ್ಡ್ ಆದ ರೂಬೆನ್ ಗೊನ್ಸಾಲೆಸ್‌ರ ‘ಇಂಟ್ರೊಡ್ಯೂಸಿಂಗ್’ ಕೇಳಿ. ನನಗೆ ಕೆಲವು ದಿನ ಅದೇ ಹೆಚ್ಚು ಇಷ್ಟ. ಅಲ್ಲಿಂದ ಹಿಂದಕ್ಕೆ ಹೋಗಿ 1940ರ ದಶಕದ ಆರ್ಸೇನಿಯೊ ರೋದ್ರಿಗೆಸ್, ಇನ್ನೂ ಹಿಂದೆ ತ್ರಿಯೊ ಮತಾಮೋರೊಸ್ ಎಂಬ ಮೂವರ ತಂಡ. ಹವಾನಾದ ಹುಡುಗರು ಯಾಕೆ ಈ ಅಜ್ಜಂದಿರನ್ನು ಬಿಟ್ಟು ಬೇರೆಡೆ ಕುಣಿಯುತ್ತಿದ್ದರು ಅಂತ ತಿಳಿಯಬೇಕಿದ್ದರೆ ಲೋಸ್ ವಾನ್ ವಾನ್ ಎಂಬ ಬ್ಯಾಂಡ್ ಹಾಕಿ. ಕ್ಲಾವೆ ಮೈಗೆ ಹತ್ತಿದ್ದರೆ ಆ ಗದ್ದಲದ ಒಳಗೂ ಅದು ಸಿಗುತ್ತದೆ.